ಗಂಗೊಳ್ಳಿಯವರು ಆನೆ ಕಾಣಲು ಹೋದದ್ದು

ಬಾಡಿಗೆ ವ್ಯಾನ್ ಓಡಿಸುವವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಾಗಿಲು ತೆಗೆದು ಹತ್ತಿ ಕೂರುತ್ತವೆ. ಒಂದು ಮಳೆಗಾಲ, ಬೋಟುಗಳೆಲ್ಲ ದಡ ಸೇರಿದ್ದ ರಜೆಯಲ್ಲಿ, ಗಂಗೊಳ್ಳಿಯ ಮೀನುಗಾರ ಕುಟುಂಬವೊಂದನ್ನು ಶಿವಮೊಗ್ಗದ ಕಡೆಯ ಆನೆ ಬಿಡಾರಕ್ಕೆ ಕರೆದೊಯ್ದಿದ್ದೆ. ಯಜಮಾನರು ತಾಂಡೇಲರು, ಅಂದರೆ ಬೋಟು ನಡೆಸುವವರು. ಹೆಂಡತಿ ಕುಂದಾಪುರ ಪೇಟೆಯಲ್ಲಿ ಮೀನು ಮಾರುವವರು. ಒಮ್ಮೆ ಆನೆ ಮುಟ್ಟಬೇಕೆಂಬುದು ಆ ಅಮ್ಮನ ಬಹುದಿನದ ಆಸೆ.

ಘಾಟಿ

ಹೊಸಂಗಡಿ ದಾಟುವವರೆಗೂ ತಾಂಡೇಲರು ತೂಫಾನಿನಲ್ಲಿ ಬೋಟು ತಂದ ಕಥೆಯನ್ನೇ ಹೇಳುತ್ತಿದ್ದರು. ಬಾಳೆಬರೆ ಘಾಟಿ ಶುರುವಾಯಿತು, ಕಥೆ ನಿಂತಿತು. ಮೂರನೇ ತಿರುವಿಗೆ ನನ್ನ ಹೆಗಲು ಹಿಡಿದು, "ಹ್ವಾಯ್, ಒಂಚೂರ್ ನಿಲ್ಸಿ" ಅಂದರು. ಇಳಿದವರೇ ರಸ್ತೆ ಬದಿಗೆ ಬಗ್ಗಿದರು.

ಹೆಂಡತಿ ಬೆನ್ನು ನೀವುತ್ತಾ, "ಅಷ್ಟ್ ದೊಡ್ಡ ತೂಫಾನಗೆ ಎಂತ ಆಯ್ಲಿಲ್ಲ, ಇಲ್ಲಿ ಎಂತ ಆಯ್ತ್?" ಎಂದು ಕೇಳಿದರು.

ತಾಂಡೇಲರು ಬಾಯಿ ಒರೆಸಿಕೊಂಡು, "ಕಡಲಗೆ ತಿರ್ವ್ ಎಲ್ಲಿತ್ತ್ ಹೆಣೆ?" ಅಂದರು.

ಕೈ ವಾಸನೆ

ಬಿಡಾರ ತಲುಪಿದಾಗ ಹೊಳೆಯಲ್ಲಿ ಆನೆ ಮೀಯಿಸುತ್ತಿದ್ದರು. ಬಂದವರೆಲ್ಲ ಮುಟ್ಟಿ ನೋಡುತ್ತಿದ್ದರೂ ಅಮ್ಮ ಮಾತ್ರ ದೂರ ನಿಂತರು.

"ಎಂತಕ್ಕೆ ಅಮ್ಮ, ಹೆದ್ರಿಕೆಯಾ?" ಅಂದೆ.

"ಹೆದ್ರಿಕೆ ಅಲ್ಲ ಮಗಾ. ಅದ್ ಸೊಪ್ಪು ತಿಂಬ ಪ್ರಾಣಿ. ನನ್ ಕೈಯ ಮೀನ್ ವಾಸ್ನಿಗೆ ಸಿಟ್ ಬಂದ್ರೆ?" ಬೆಳಿಗ್ಗೆ ಸೋಪು ಹಾಕಿ ಎರಡೆರಡು ಸಲ ತೊಳೆದು ಬಂದಿದ್ದರಂತೆ.

ಮಾವುತ ನಕ್ಕು ಅವರನ್ನು ಹತ್ತಿರ ಕರೆದ. ಆನೆ ಸೊಂಡಿಲು ಚಾಚಿ ಅಂಗೈ ಮೂಸಿತು. ಮೊಣಕೈವರೆಗೆ ಹೋಗಿ ಮತ್ತೆ ಅಂಗೈಗೇ ಬಂತು, ಬಿಡಲೇ ಇಲ್ಲ. ಅಮ್ಮನ ಕಣ್ಣಲ್ಲಿ ನೀರು.

"ಮದ್ವಿ ಆದಲ್ಲಿಂದ ನನ್ ಕೈಯನ್ನ ಇಷ್ಟ್ ಪ್ರೀತಿಯಲ್ಲಿ ಯಾರೂ ಹಿಡ್ಕಣ್ಲಿಲ್ಲ" ಅಂದರು.

ತಾಂಡೇಲರು ಹೊಳೆಯ ನೀರನ್ನು ಬಹಳ ಹೊತ್ತು ಪರೀಕ್ಷಿಸಿದರು.

ಬೈಠ್

ಹೊರಡುವ ಹೊತ್ತಿಗೆ ಮಾವುತ ಅದೇ ಆನೆಯ ಮೇಲೆ ಕೂತು ನಮ್ಮ ವ್ಯಾನಿನ ಮುಂದೆ ದಾಟುತ್ತಿದ್ದ. ಅಮ್ಮ ವ್ಯಾನ್ ಹತ್ತದೆ ಆನೆಯನ್ನೇ ನೋಡುತ್ತಾ ನಿಂತಿದ್ದರು. ಹರೆಯದಲ್ಲಿ ಮುಂಬೈ ಬಂದರಿನಲ್ಲಿ ದುಡಿದ ತಾಂಡೇಲರಿಗೆ ಸಿಟ್ಟು ಬಂದರೆ ಹಿಂದಿಯೇ ಬಾಯಿಗೆ ಬರುವುದು. ಕಿಟಕಿಯಿಂದ ಹೆಂಡತಿಗೆ, "ಬೈಠ್, ಜಲ್ದಿ ಬೈಠ್" ಎಂದು ಗದರಿದರು.

ಆ ಬಿಡಾರದ ಆನೆಗಳಿಗೆ ಕಲಿಸಿದ್ದೂ ಹಿಂದಿಯೇ. ಆನೆ ರಸ್ತೆಯ ನಡುವೆ ಕೂತುಬಿಟ್ಟಿತು.

"ಯಾರ್ರೀ ಅದು ಹೇಳಿದ್ದು?" ಎಂದು ಮಾವುತ ಗಾಬರಿಯಾಗಿ ಆನೆಯನ್ನು ಎಬ್ಬಿಸತೊಡಗಿದ. ಅದು ಅರ್ಧ ಎದ್ದಿತ್ತು. ತಾಂಡೇಲರು ವಿನಯದಿಂದ, "ಆನಿಗಲ್ಲ ಮಾರಾಯ್ರೆ, ನಾನ್ ಹೆಂಡ್ತಿಗೆ ಬೈಠ್ ಅಂದದ್ದ್" ಎಂದರು.

ಆನೆ ಮತ್ತೆ ಕೂತಿತು.

ಅಮ್ಮ ನಿಧಾನಕ್ಕೆ ವ್ಯಾನ್ ಹತ್ತಿ, ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದರು.

"ಇವ್ರ್ ಹೇಳ್ದ್ ಮಾತ್ ಮನಿಯಗೆ ಬೆಕ್ಕೂ ಕೇಳ್ತಿಲ್ಲ. ಇಲ್ಲಿ ಆನಿ ಕೇಳ್ತ್. ಇವ್ರನ್ನ ಇಲ್ಲೇ ಬಿಟ್ಟಿಕ್ ಹೋಪ, ಮಗಾ."