ಪುಡಿ ಮಲಗಿದೆ, ಮೆಲ್ಲಗೆ ಮಾತಾಡಿ

ನಮ್ಮ ಸೋದರಮಾವನ ಪಿಸುಮಾತು ಕೇಳಿದವರು ಈ ಭೂಮಿಯ ಮೇಲೆ ಯಾರೂ ಇಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಾನು ಬರೆದುಕೊಡಲು ಸಿದ್ಧಳಿದ್ದೆ! ಅವರು ಮುಳಬಾಗಿಲಿನ ಕಡೆಯ ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವವರು. ಅವರು ಕೂಗಲು ನಿಂತರೆ ಕ್ರೇಟಿನಲ್ಲಿರುವ ಕಾಯಿ ಟೊಮೆಟೊ ಹೆದರಿ ಹಣ್ಣಾಗುತ್ತದಂತೆ. ನಾನು ನೋಡಿಲ್ಲ, ನೋಡದ್ದನ್ನು ಡೈರಿಗೆ ಹತ್ತಿಸುವ ಅಭ್ಯಾಸವೂ ನನಗಿಲ್ಲ. ಆದರೆ ಅವರು ಊಟಕ್ಕೆ ಕುಳಿತು "ಉಪ್ಪು" ಎಂದಾಗ ಪಕ್ಕದ ಮನೆಯವರು ಉಪ್ಪು ತಂದುಕೊಟ್ಟದ್ದು ನನ್ನ ಡೈರಿಯಲ್ಲಿ ಎರಡು ಸಲ ದಾಖಲಾಗಿದೆ.

ಅತ್ತೆಗೆ ಹೊಟ್ಟೆಯ ಆಪರೇಷನ್ ಆಗಿ ಮನೆಗೆ ಬಂದಾಗ, ಸಹಾಯಕ್ಕಿರಲಿ ಎಂದು ಅಮ್ಮ ನನ್ನನ್ನು ಕೋಲಾರದಿಂದ ಅಲ್ಲಿಗೆ ಕಳಿಸಿದಳು. ಡಾಕ್ಟರು ಹೇಳಿದ್ದು ಎರಡೇ ಮಾತು. ಆರು ವಾರ ಮೆಣಸಿನಕಾಯಿ ಮುಟ್ಟಬಾರದು. ಮಧ್ಯಾಹ್ನ ಎರಡು ಗಂಟೆ ಹೊತ್ತು ಮಲಗಲೇಬೇಕು. ಅತ್ತೆಯ ತವರು ಆಂಧ್ರದ ಗಡಿಗೆ ತಾಗಿದ ಊರು. ಖಾರವಿಲ್ಲದ್ದನ್ನು ಅವರು ಊಟ ಎನ್ನುವುದಿಲ್ಲ, ಔಷಧಿ ಎನ್ನುತ್ತಾರೆ. ಇನ್ನು ಎರಡನೇ ಮಾತಿಗೆ ಅವರ ಉತ್ತರ: "ಹಗಲೊತ್ತು ಮಲಗೋಕೆ ನಾನೇನು ಬಾಣಂತೀನಾ?"

ನಾನು ಡೈರಿಯಲ್ಲಿ ಗೆರೆ ಎಳೆದು ಮೂರು ಅಂಕಣ ಮಾಡಿದೆ. ಅತ್ತೆ ಉಂಡದ್ದು, ಎರಡನೇ ಸಲ ಬಡಿಸಿಕೊಂಡದ್ದು, ಮಲಗಿದ್ದು. ಮೊದಲನೆಯದರಲ್ಲಿ ಮೂರು ತುತ್ತು, ನಾಲ್ಕು ತುತ್ತು. ಉಳಿದೆರಡರಲ್ಲೂ ಸೊನ್ನೆ. ಅತ್ತೆ ಕೈ ಎತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಜಾರಿದಾಗಲೆಲ್ಲ ಮಾವ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು.

ಮಲಗುವುದಾದರೂ ಹೇಗೆ? ಕಾಯಿಲೆಯವರನ್ನು ನೋಡಿಕೊಂಡು ಹೋಗಲು ಬರುವ ಜನ ನಮ್ಮಲ್ಲಿ ಕಡಿಮೆಯೇ! ಮೊದಲ ವಾರ ಬಂದವರು ನಲವತ್ತಮೂರು ಮಂದಿ. ತಂದ ಬ್ರೆಡ್ಡು ಹದಿನಾರು. ಎಲ್ಲರೂ ಬರುವುದು ಮಧ್ಯಾಹ್ನದ ಊಟ ಮುಗಿಸಿಕೊಂಡು. "ನೀನು ಮಲಕ್ಕೊಳ್ಳಮ್ಮ, ನಾವೇನು ಹೊರಗಿನವರಾ?" ಎಂದು ಮಂಚದ ಮೇಲೆಯೇ ಕೂರುವರು. ಅತ್ತೆ ಎದ್ದು ಕಾಫಿಗಿಡುವರು.

ಹಾಗೆ ಬಂದವರಲ್ಲಿ ಒಬ್ಬಳು, ಶ್ರೀನಿವಾಸಪುರದ ಚಿಕ್ಕಮ್ಮನ ಮಗಳು, ಬ್ರೆಡ್ಡಿನ ಬದಲು ಸಾಲಡ್ ಮಸಾಲೆಯ ಒಂದು ಪೊಟ್ಟಣ ತಂದಳು. ಗಟ್ಟಿ ಮೊಸರಿಗೆ ಕಲಸಿ, ಸೌತೆಕಾಯಿ ಅದ್ದಿ ತಿನ್ನುವುದಂತೆ. ಅತ್ತೆ ಒಂದು ಹೋಳು ತಿಂದು, "ಇದೇನೋ ಬಾಯಿಗೆ ಸಿಗ್ತೈತೆ" ಎಂದರು. ಮೂರು ದಿನಕ್ಕೆ ಪೊಟ್ಟಣ ಖಾಲಿ. ಮಾವನ ಊರಿನ ಅಂಗಡಿಗಳಲ್ಲಿ ಅದು ಇಲ್ಲ.

ಮಾವ ಖಾಲಿ ಪೊಟ್ಟಣ ತಂದು ನನ್ನ ಮುಂದೆ ಹಿಡಿದರು. "ಓದೇ, ಏನೇನ್ ಹಾಕವ್ರೆ?"

"ಮಜ್ಜಿಗೆ ಪುಡಿ, ಈರುಳ್ಳಿ ಪುಡಿ, ಬೆಳ್ಳುಳ್ಳಿ ಪುಡಿ, ಕಾಳುಮೆಣಸು, ಉಪ್ಪು, ಸಕ್ಕರೆ, ಡಿಲ್."

"ಡಿಲ್ ಅಂದ್ರೆ?"

ಫೋನಿನಲ್ಲಿ ಹುಡುಕಿ ಚಿತ್ರ ತೋರಿಸಿದೆ. ಮಾವ ನಕ್ಕ ನಗುವಿಗೆ ಬೀದಿಯ ನಾಯಿಗಳು ಎದ್ದು ನಿಂತವು. "ಲೇ, ಇದು ನಮ್ಮ ಸಬ್ಸಿಗೆ ಸೊಪ್ಪು ಕಣೇ! ಮಂಡೀಲಿ ಕಾಲಿಗೆ ಸಿಗ್ತದೆ! ಇದಕ್ಕೆ ಕೋಟು ಪ್ಯಾಂಟು ಹಾಕಿ ಪೊಟ್ಟಣದೊಳಗೆ ಕೂರ್ಸವ್ರೆ!"

ಮಾರನೆಯ ದಿನದಿಂದ ಮಹಡಿಯ ಮೇಲೆ ಕಾರ್ಖಾನೆ ಶುರುವಾಯಿತು. ಸುಗಟೂರಿನ ಸಬ್ಬಸಿಗೆ ನೆರಳಿನಲ್ಲಿ. ಈರುಳ್ಳಿ, ಬೆಳ್ಳುಳ್ಳಿ ಬಿಸಿಲಿನಲ್ಲಿ. ಮಜ್ಜಿಗೆಯನ್ನು ಪುಡಿ ಮಾಡುವುದು ಹೇಗೆ? ಮಾವ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ನೀರಿಳಿದ ಗಟ್ಟಿಯನ್ನು ತಮ್ಮ ಜರಿಯಂಚಿನ ಪಂಚೆಯ ಮೇಲೆ ತೆಳ್ಳಗೆ ಸವರಿ ಬಿಸಿಲಿಗೆ ಹರಡಿದರು. ಎರಡು ದಿನಕ್ಕೆ ಅದು ಹಪ್ಪಳದಂತೆ ಎದ್ದುಬಂತು. ಅದು ಅವರ ಮದುವೆಯ ಪಂಚೆ ಎಂದು ಅತ್ತೆ ಕಿಟಕಿಯಿಂದ ನೋಡಿಯೇ ಕಂಡುಹಿಡಿದರು.

ಮೊದಲ ಪುಡಿ ರುಚಿ ನೋಡಬೇಕಲ್ಲ? ಪುಡಿ ಎಂದ ಮೇಲೆ ಮಾವನಿಗೆ ಗೊತ್ತಿರುವುದು ಒಂದೇ ದಾರಿ. ಬಿಸಿ ಅನ್ನದ ಮೇಲೆ ಗುಡ್ಡೆ ಹಾಕಿ, ನಡುವೆ ಗುಂಡಿ ಮಾಡಿ, ಕಡಲೆಕಾಯಿ ಎಣ್ಣೆ ಬಿಟ್ಟು ಕಲಸಿಕೊಂಡರು. ಅತ್ತೆಗೆ ಮಿಕ್ಕಿದ್ದು ಅರ್ಧ ಚಮಚ. ನನ್ನ ಡೈರಿ ಹೇಳುತ್ತದೆ: "ಒಂದನೇ ಪುಡಿ. ಅತ್ತೆ, ಸೊನ್ನೆ. ಷರಾ: ಮಾವ ಎರಡು ಸಲ ಬಡಿಸಿಕೊಂಡರು."

ಎರಡನೆಯದರಲ್ಲಿ ಬೆಳ್ಳುಳ್ಳಿ ಹೆಚ್ಚಾಯಿತು. ಮೂರನೆಯದಕ್ಕೆ ಅತ್ತೆ ಇನ್ನೊಂದು ಸಲ ಕೈ ಚಾಚಿದರು! ನಾನು ಸಂಭ್ರಮದಿಂದ ಒಂದು ಎಂದು ಬರೆದೆ. ಅರ್ಧ ಗಂಟೆಯಲ್ಲಿ ಅತ್ತೆ ಹೊಟ್ಟೆ ಹಿಡಿದುಕೊಂಡು ಮಲಗಿದರು. ವಿಚಾರಿಸಿದರೆ, ನುಣ್ಣಗಾಗಲಿ ಎಂದು ಮಾವ ಅದನ್ನು ಖಾರದಪುಡಿ ಬೀಸುವ ಮಿಷನ್ನಿನಲ್ಲಿ ಬೀಸಿಸಿದ್ದರು. ಅತ್ತೆಗೆ ರುಚಿಸಿದ್ದು ಮಿಷನ್ನಿಗೆ ಅಂಟಿದ್ದ ಗುಂಟೂರು ಮೆಣಸಿನಕಾಯಿ! ನಾನು ಒಂದನ್ನು ಹೊಡೆದುಹಾಕಿದೆ. ಡಾಕ್ಟರು ಫೋನಿನಲ್ಲಿ ಮಾವನನ್ನು ಬೈದರು. "ಊಟ ಆಮೇಲೆ ನೋಡೋಣ, ಮೊದಲು ಅವರು ಮಲಗಲಿ" ಎಂದರು. ಮಾವ "ಆಯ್ತು ಸಾರ್" ಎಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

ಅದರ ಮಾರನೆಯ ದಿನವೇ ಹೊಸ ಕಾನೂನು ಬಂತು. ಪುಡಿ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಲಗಬೇಕು! ಉಪ್ಪಿನಕಾಯಿಯ ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಅತ್ತೆಯ ಕೋಣೆಯ ಬಾಗಿಲ ಬಳಿ ಸ್ಟೂಲಿನ ಮೇಲಿಟ್ಟು, ಮಾವ ಪಕ್ಕದಲ್ಲಿ ಚಾಪೆ ಹಾಸಿ ಕಾವಲು ಕುಳಿತರು. ಆಗ ಮಾಲೂರಿನ ಬೀಗರು ಬಂದರು, ನಾಲ್ಕು ಜನ, ನಾಲ್ಕು ಬ್ರೆಡ್ಡು.

ಮಾವ ತುಟಿಯ ಮೇಲೆ ಬೆರಳಿಟ್ಟರು. "ಶ್ಶ್. ಪುಡಿ ಮಲಗೈತೆ."

"ಪುಡಿ ಮಲಗ್ತದಾ?" ಬೀಗರೂ ಪಿಸುಗುಟ್ಟಿದರು.

"ಎಲ್ಲಾ ಬೆರೆತು ಒಂದಾಗಬೇಕಲ್ಲ. ಗದ್ದಲ ಆದ್ರೆ ಬೆಳ್ಳುಳ್ಳಿ ಒಂದು ಕಡೆ, ಸಬ್ಸಿಗೆ ಒಂದು ಕಡೆ ಮುಖ ತಿರುಗಿಸ್ಕೊಂಡು ಕೂತ್ಬಿಡ್ತವೆ, ಮದುವೆ ಮನೆ ಬೀಗರ ಹಾಗೆ."

ಒಳಗಿನಿಂದ ಅತ್ತೆ ಮಾವನನ್ನು ಕರೆದು, "ಏಮಂಡೀ, ಯಾರು ಬಂದಿರೋದು? ಕಾಫಿಗಿಡ್ತೀನಿ" ಎಂದರು.

"ಅಲ್ಲಾಡ್ಬೇಡ! ಮಂಚ ಕಿರ್ ಅಂದ್ರೆ ಪುಡಿ ಎದ್ಬಿಡ್ತದೆ!"

"ನಿಮ್ಮ ಮಾವನಿಗೆ ತಲೆ ಕೆಟ್ಟೈತೆ ಕಣೇ" ಎಂದು ಅತ್ತೆ ನನಗೆ ಪಿಸುಗುಟ್ಟಿ, ಪುಡಿಗೆ ತೊಂದರೆಯಾಗದಂತೆ ಅಲ್ಲಾಡದೆ ಮಲಗಿದರು.

ಆ ಮಧ್ಯಾಹ್ನಗಳು ಈಗ ನೆನೆದರೆ ಕನಸಿನಲ್ಲಿ ಕಂಡವೇನೋ ಅನ್ನಿಸುತ್ತದೆ. ಫ್ಯಾನು ನಿಧಾನ ತಿರುಗುತ್ತಿತ್ತು. ಮಹಡಿಯಿಂದ ಸಬ್ಬಸಿಗೆಯ ವಾಸನೆ ಮೆಟ್ಟಿಲಿಳಿದು ಬಂದು ನಡುಮನೆಯಲ್ಲಿ ಕೂರುತ್ತಿತ್ತು. ನೆಂಟರು ಚಪ್ಪಲಿ ಕೈಯಲ್ಲಿ ಹಿಡಿದು ಒಳಬಂದು, ಭರಣಿಗೆ ಮುಖ ತೋರಿಸಿ, ಹತ್ತು ನಿಮಿಷದಲ್ಲಿ ನೆರಳಿನ ಹಾಗೆ ಸರಿದು ಹೋಗುತ್ತಿದ್ದರು. ಜಿಲ್ಲೆಗೇ ಕೇಳುವ ಗಂಟಲಿನ ಮನುಷ್ಯ ಗಾಳಿಗಿಂತ ಮೆಲ್ಲಗೆ ಮಾತಾಡುತ್ತಿದ್ದ. ಗಡಿಯಾರದ ಸದ್ದು ಮನೆಯಲ್ಲಿದೆ ಎಂದು ನನಗೆ ಗೊತ್ತಾದದ್ದೇ ಆಗ.

ಏಳನೇ ಪುಡಿ, ಕುಟ್ಟಾಣಿಯಲ್ಲಿ ಕುಟ್ಟಿದ್ದು. ನಾಲ್ಕು ಚಮಚ ಮೊಸರಿನ ಪುಡಿಗೆ ಎರಡು ಸಬ್ಬಸಿಗೆ, ಒಂದು ಈರುಳ್ಳಿ, ಅರ್ಧ ಬೆಳ್ಳುಳ್ಳಿ, ಡಾಕ್ಟರು ಒಪ್ಪಿದಷ್ಟು ಕಾಳುಮೆಣಸು, ಉಪ್ಪು, ಒಂದು ಚಿಟಿಕೆ ಸಕ್ಕರೆ. ಅತ್ತೆ ಮೊಸರಿನ ಬಟ್ಟಲನ್ನು ಬೆರಳಿನಿಂದ ಸವರಿ ತಿಂದು, "ಇನ್ನೊಂಚೂರು ಹಾಕೇ" ಎಂದರು. ಮಾವ ಎದ್ದು ಹಿತ್ತಿಲಿಗೆ ಹೋದರು. ಮರುಕ್ಷಣ ಕೇಳಿತು: "ಒಂದ್ಸಲ! ಎರಡ್ಸಲ! ಮೂರ್ಸಲ!" ಪಕ್ಕದ ಮನೆಯವರು ಉಪ್ಪು ತಂದರು.

ಮರುದಿನ ನನಗೊಂದು ಅನುಮಾನ ಬಂತು. ಮಲಗಿದರೆ ಪುಡಿಯ ತೂಕ ಕಡಿಮೆಯಾಗುತ್ತದೆಯೇ? ಎರಡೂವರೆಗೆ, ಮಾವ ಬಚ್ಚಲಿಗೆ ಹೋದಾಗ, ತಕ್ಕಡಿ ಹಿಡಿದು ಬಂದು ಮೆಲ್ಲಗೆ ಬಟ್ಟೆ ಬಿಚ್ಚಿದೆ. ಭರಣಿ ಖಾಲಿ! ತಿರುಗಿದರೆ ಮಾವ.

"ಪುಡಿ ಅಡುಗೆಮನೆ ಡಬ್ಬೀಲೈತೆ" ಎಂದು ಪಿಸುಗುಟ್ಟಿದರು. ಆಮೇಲೆ ಗಲ್ಲದಿಂದ ಕೋಣೆಯ ಕಡೆ ತೋರಿಸಿದರು. ಒಳಗೆ ಅತ್ತೆ ಗೋಡೆಯ ಕಡೆ ಮುಖ ಮಾಡಿ ಗಾಢ ನಿದ್ದೆಯಲ್ಲಿದ್ದರು. "ನಿನಗೋಸ್ಕರ ಎಲ್ರೂ ಸುಮ್ನಿದ್ದಾರೆ ಅಂದ್ರೆ ಎದ್ದು ಕೂರ್ತಾಳೆ. ಪುಡಿಗೋಸ್ಕರ ಅಂದ್ರೆ ಮಲಕ್ಕೊಂತಾಳೆ. ಹೇಳ್ಬೇಡ ಕಣೇ."

ನಾನು ಬಟ್ಟೆಯನ್ನು ಮೊದಲಿನ ಹಾಗೆಯೇ ಕಟ್ಟಿದೆ. ಅಂದಿನ ತೂಕದ ಜಾಗ ಡೈರಿಯಲ್ಲಿ ಖಾಲಿ ಇದೆ.

ಆರು ವಾರ ಮುಗಿದು, ಡಾಕ್ಟರು ಖಾರಕ್ಕೆ ಒಪ್ಪಿ, ನಾನು ಊರಿಗೆ ಹೊರಡುವ ದಿನ ಬಂತು. ಟೊಮೆಟೊ ಸುಗ್ಗಿ, ಮಾವ ನಸುಕಿಗೇ ಎದ್ದು ಮಂಡಿಗೆ ಹೋಗಿ, ಗಂಟಲು ಕಟ್ಟಿಸಿಕೊಂಡು ಬಂದಿದ್ದರು. ಎರಡು ಗಂಟೆಯ ಬಿಸಿಲಿನಲ್ಲಿ ಯಾರೋ ದೂರದ ನೆಂಟರು, ತಡವಾಗಿ ಸುದ್ದಿ ತಿಳಿದವರು, "ಏನಮ್ಮಾ, ಹೆಂಗಿದ್ದೀಯಾ!" ಎಂದು ಕೂಗುತ್ತ ಒಳಬಂದರು.

ಕೋಣೆಯ ಬಾಗಿಲಿಗೆ ಅಡ್ಡಲಾಗಿ ಸ್ಟೂಲು. ಸ್ಟೂಲಿನ ಮೇಲೆ ಬಟ್ಟೆ ಕಟ್ಟಿದ ಭರಣಿ. ಪಕ್ಕದಲ್ಲಿ ಅತ್ತೆ.

"ಶ್ಶ್" ಎಂದರು ಅತ್ತೆ. "ಪುಡಿ ಮಲಗೈತೆ."

ಒಳಗೆ ಮಾವ ಬಾಯಿ ತೆರೆದು ನಿದ್ದೆ ಹೋಗಿದ್ದರು. ಅತ್ತೆಯ ಬಳೆಗಳು ಮಣಿಕಟ್ಟಿಗೆ ವಾಪಸು ಬಂದಿದ್ದವು. ಅವು ಸದ್ದು ಮಾಡದಂತೆ ಅವರು ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡಿದ್ದರು.