ಓನರ್ ಆಂಟಿಯ ಮುಂಬೈ ತಾಲೀಮು

ನಮ್ಮ ಓನರ್ ಆಂಟಿಯಷ್ಟು ಮುಂಬೈಯನ್ನು ಬಲ್ಲವರು ಬೆಂಗಳೂರಿನ ಇಡೀ ಲಿಂಗರಾಜಪುರದಲ್ಲಿ ಇನ್ನೊಬ್ಬರಿಲ್ಲ. ಲೋಕಲ್ ರೈಲಿಗೆ ಯಾವ ಕಾಲು ಮೊದಲು ಇಡಬೇಕು, ವಡಾ ಪಾವ್ ಜೊತೆ ಕೊಡುವ ಮೆಣಸಿನಕಾಯಿಯನ್ನು ಯಾವ ತುದಿಯಿಂದ ಕಚ್ಚಬೇಕು, ಎಲ್ಲವೂ ಅವರಿಗೆ ಬಾಯಿಪಾಠ. ಹೋದ ವರ್ಷದ ತನಕ ಅವರಿಗಿದ್ದ ಒಂದೇ ಕೊರತೆಯೆಂದರೆ ಅವರು ಮುಂಬೈಯನ್ನು ನೋಡಿರಲಿಲ್ಲ.

ಮುಂಬೈ ಹಾಗಿರಲಿ, ಅವರು ಯಾವ ಊರನ್ನೂ ನೋಡಿರಲಿಲ್ಲ. ಹುಟ್ಟಿದ್ದು ನಮ್ಮ ಬೀದಿಯ ಮೂಲೆಮನೆಯಲ್ಲಿ. ಮದುವೆಯಾದದ್ದು ಸೋದರಮಾವನನ್ನು, ಆರು ಮನೆ ಆಚೆಗೆ. ಹೆಣ್ಣು ಒಪ್ಪಿಸಿ ಕಳಿಸುವಾಗ ಅಳು ಶುರುವಾಗುವುದರೊಳಗೆ ಗಂಡನ ಮನೆ ಬಂದುಬಿಟ್ಟಿತಂತೆ. ಅವರ ಹಿರಿಯರು ಸೊಪ್ಪು ಬೆಳೆಯುತ್ತಿದ್ದ ಹೊಲದಲ್ಲಿ ಈಗ ಆರು ಬಾಡಿಗೆ ಮನೆಗಳು ಬೆಳೆದಿವೆ. ಅದರಲ್ಲಿ ಮಹಡಿಯ ಮೇಲಿನ ಒಂಟಿ ಕೋಣೆ ನಮ್ಮದು. ನಾನು ಕಲಬುರಗಿ ಕಡೆಯವಳು. ಕಮ್ಮನಹಳ್ಳಿ ಮೇನ್ ರೋಡಿನ ಪುಟ್ಟ ಅಂಗಡಿಯೊಂದರಲ್ಲಿ ಬ್ಲೌಸ್ ಹೊಲಿಯುತ್ತೇನೆ. ಅರವತ್ತೆರಡರ ಓನರಿಗೂ ಮೂವತ್ತೈದರ ಬಾಡಿಗೆಯವಳಿಗೂ ಸ್ನೇಹ ಹೇಗೆ ಎಂದು ಕೇಳಬೇಡಿ. ಇಬ್ಬರಿಗೂ ಸಂಜೆ ಹೊತ್ತು ಮೆಟ್ಟಿಲ ಮೇಲೆ ಕೂತು ಶೇಂಗಾ ತಿನ್ನುವ ಚಟ. ಅಷ್ಟು ಸಾಲದೇ?

ಹಾಗೊಂದು ಸಂಜೆ ಆಂಟಿ ಸಿಪ್ಪೆ ಊದುತ್ತಾ ಹೇಳಿದರು: "ಅಮ್ಮಣ್ಣಿ, ನಾವಿಬ್ರೂ ಬಾಂಬೆ ನೋಡ್ಕೊಂಡ್ ಬರಾಣ."

"ಬಾಂಬೆದಾಗ ನಿಮ್ಮವ್ರು ಯಾರದಾರ್ರಿ ಆಂಟಿ?"

"ಯಾರೂ ಇಲ್ಲ. ಅದಕ್ಕೇ ಹೋಗೋದು."

ನನಗೆ ಆ ಮಾತು ಅರ್ಥವಾಗಲು ಎರಡು ದಿನ ಬೇಕಾಯಿತು. ರೈಲು ಎಂದರೆ ನನ್ನ ಲೆಕ್ಕದಲ್ಲಿ ಮದುವೆ, ಬಾಣಂತನ, ಇಲ್ಲವೇ ಮಣ್ಣಿಗೆ ಹೋಗುವುದು. ಬರೀ ನೋಡುವುದಕ್ಕೆಂದು ಊರಿಗೆ ಹೋಗುವವರು ಬೇರೆ ಜಾತಿಯ ಜನ ಎಂದುಕೊಂಡಿದ್ದೆ. ನನ್ನನ್ನೂ ಅವರಲ್ಲಿ ಒಬ್ಬಳೆಂದು ಎಣಿಸಿದವರು ಆಂಟಿಯೇ ಮೊದಲು.

ಆದರೆ ಟಿಕೆಟ್ ತೆಗೆಸಿದ ಮಾತ್ರಕ್ಕೆ ಹೊರಡುವುದುಂಟೇ? "ತಾಲೀಮು ಇಲ್ದೆ ಕುಸ್ತಿಗೆ ಇಳೀತಾರೇನಮ್ಮಿ?" ಎಂದರು. ಎಂಟು ಭಾನುವಾರ ತಾಲೀಮು ನಡೆಯಿತು.

ಮೊದಲನೆಯದು ನೂಕುನುಗ್ಗಲಿನ ತಾಲೀಮು. ಮುಂಬೈ ರೈಲಿನ ಜನಜಂಗುಳಿಗೆ ಮೈ ಒಗ್ಗಬೇಕಲ್ಲ, ಅದಕ್ಕಾಗಿ ಶಿವಾಜಿನಗರದ ಬಸ್ ನಿಲ್ದಾಣ. ಇರುವುದರಲ್ಲೇ ಹೆಚ್ಚು ತುಂಬಿದ ಬಸ್ ನೋಡಿ ಹತ್ತುವುದು, ಮುಂದಿನ ಸ್ಟಾಪಿನಲ್ಲಿ ಇಳಿಯುವುದು, ಮತ್ತೆ ನಡೆದು ಬಂದು ಹತ್ತುವುದು. ಮೂರನೆಯ ಸಲ ಅದೇ ಕಂಡಕ್ಟರ್ ಸಿಕ್ಕಿಬಿಟ್ಟ.

"ಅಮ್ಮಾ, ನಿಮಗೆ ನಿಜವಾಗ್ಲೂ ಎಲ್ಲಿಗೆ ಹೋಗ್ಬೇಕು?"

"ಬಾಂಬೆಗಪ್ಪ."

ಆತ ಸ್ವಲ್ಪವೂ ನಗದೆ, "ಹಾಗಾದ್ರೆ ಮೆಜೆಸ್ಟಿಕ್‌ನಲ್ಲಿ ಇಳ್ಕೊಳ್ಳಿ" ಎಂದು ಮುಂದೆ ಹೋದ.

ಎರಡನೆಯದು ಹಿಂದಿ. ಕಲಬುರಗಿ ಕಡೆಯವಳಾದ ನನಗೆ ಹಿಂದಿ ಹುಟ್ಟಿದಾಗಿನಿಂದ ಕಿವಿಗೆ ಬಿದ್ದಿದೆ. ಆದರೂ ಆಂಟಿಯೇ ನನಗೆ ಕಲಿಸಿದರು, ನಾನೂ ಕಲಿತೆ. ಗುರುವಿನ ಮನಸ್ಸು ನೋಯಿಸಬಾರದು. ಶಿವಾಜಿನಗರದ ಚೀಲದ ಅಂಗಡಿಯ ಸಾಹೇಬರ ಮುಂದೆ ಆಂಟಿಯೇ ಪರೀಕ್ಷೆ ಕೊಡಲು ನಿಂತರು. ಅರ್ಧ ತಮಿಳು, ಅರ್ಧ ಟಿ.ವಿ. ಧಾರಾವಾಹಿ ಸೇರಿದ ಒಂದು ಭಾಷೆಯಲ್ಲಿ ಮೂರು ನಿಮಿಷ ಮಾತಾಡಿದರು. ಸಾಹೇಬರು ಕೈಕಟ್ಟಿ ಪೂರ್ತಿ ಕೇಳಿಸಿಕೊಂಡು, "ಅಮ್ಮಾ, ಬೇಜಾರ್ ಮಾಡ್ಕೋಬೇಡಿ, ನನಗೆ ಕನ್ನಡ ಬಿಟ್ರೆ ಉರ್ದು ಮಾತ್ರ ಬರೋದು" ಎಂದರು.

ಸಮುದ್ರದ ತಾಲೀಮು ಹಲಸೂರು ಕೆರೆಯ ಮುಂದೆ. "ಅಷ್ಟು ನೀರು ಒಂದೇ ಸಲ ನೋಡಿದ್ರೆ ತಲೆ ತಿರುಗ್ತದೆ. ಕಣ್ಣಿಗೆ ಅಭ್ಯಾಸ ಆಗ್ಬೇಕು" ಎಂದು ಕಂಬಿ ಹಿಡಿದು ನಿಂತರು. ನಾನೂ ಪಕ್ಕದಲ್ಲಿ ನಿಂತೆ. ಮುಕ್ಕಾಲು ಗಂಟೆಯಾಗಿರಬೇಕು, ಕಾವಲುಗಾರ ಮೆಲ್ಲಗೆ ಹತ್ತಿರ ಬಂದು, "ಮನೇಲಿ ಏನೇ ತೊಂದ್ರೆ ಇದ್ರೂ ಕೂತು ಮಾತಾಡಿದ್ರೆ ಸರಿಹೋಗ್ತದೆ ಅಮ್ಮಾ" ಎಂದ. ಪಾಪ, ಒಳ್ಳೆಯ ಮನುಷ್ಯ. ನಾವು ಗೇಟು ದಾಟುವ ತನಕ ಜೊತೆಗೇ ಬಂದ.

ಇಷ್ಟೆಲ್ಲ ಆದ ಮೇಲೆ ಹೊರಡಲು ಐದು ದಿನವಿರುವಾಗ ನಾನೇ ಕೈಚೆಲ್ಲಿದೆ. ವರಮಹಾಲಕ್ಷ್ಮಿ ಹಬ್ಬದ ಬ್ಲೌಸುಗಳು ಅಂಗಡಿಯಲ್ಲಿ ಗುಡ್ಡೆ ಬಿದ್ದಿದ್ದವು. "ಆಗಂಗಿಲ್ರಿ ಆಂಟಿ. ನಮ್ಮಂಥವ್ರಿಗೆ ಇವೆಲ್ಲ ಅಲ್ರಿ" ಎಂದೆ. ಮರುದಿನ ಬೆಳಿಗ್ಗೆ ನಾನು ಅಂಗಡಿಯ ಬಾಗಿಲು ತೆಗೆಯುವಾಗ ಆಂಟಿ ಕನ್ನಡಕ, ಸೂಜಿ, ಊಟದ ಡಬ್ಬಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದರು. ಆರು ಮನೆಯ ಒಡತಿ ಮೂರು ದಿನ ನನ್ನ ಕಾಲ ಬಳಿ ಚಾಪೆ ಹಾಸಿಕೊಂಡು ಬ್ಲೌಸುಗಳಿಗೆ ಹುಕ್ಸ್ ಹಾಕಿದರು. ಅರ್ಧಕ್ಕರ್ಧ ಹುಕ್ಸ್ ಹೊರಗಡೆ ಮುಖ ಮಾಡಿದ್ದವು. ನಾನು ಅವರಿಗೆ ಕಾಣದಂತೆ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಹೀಗೆ ಅವರ ನೆರವಿನಿಂದ ಎರಡು ದಿನದ ಕೆಲಸ ಮೂರೇ ದಿನದಲ್ಲಿ ಮುಗಿಯಿತು. ಬರುವುದಿಲ್ಲ ಎನ್ನಲು ಆಮೇಲೆ ನನಗೆ ಬಾಯಿ ಬರಲಿಲ್ಲ.

ರೈಲಿನಲ್ಲಿ ಆಂಟಿ ಇಡೀ ಬೋಗಿಗೆ ಬಾಯಲ್ಲೇ ಮುಂಬೈ ತೋರಿಸಿದರು. ಎದುರು ಸೀಟಿನವರು ಅಲ್ಲೇ ಹುಟ್ಟಿ ಬೆಳೆದವರು. ಅವರೂ ತಲೆಯಾಡಿಸುತ್ತಾ ಕೇಳಿದರು. ಇಳಿದು ಲಾಡ್ಜ್ ಸೇರುವ ಹೊತ್ತಿಗೆ ಮಾತ್ರ ಆಂಟಿಯ ಮಾತು ಕಡಿಮೆಯಾಗಿತ್ತು. ದಣಿವು ಎಂದುಕೊಂಡೆ.

ಮರುದಿನ ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ಅವರು ಹೊಸ ಸೀರೆಯುಟ್ಟು, ಚೀಲವನ್ನು ತೊಡೆಯ ಮೇಲೆ ಅವುಚಿಕೊಂಡು ಮಂಚದ ತುದಿಯಲ್ಲಿ ಕೂತಿದ್ದರು.

"ನೀನು ನೋಡ್ಕೊಂಡ್ ಬಾ ಅಮ್ಮಣ್ಣಿ. ನಾನು ಇಲ್ಲೇ ಇರ್ತೀನಿ."

"ಯಾಕ್ರಿ, ಮೈಯಾಗ ಆರಾಮಿಲ್ಲೇನ್ರಿ?"

"ಚೆನ್ನಾಗೇ ಇದೀನಿ." ಕಿಟಕಿಯ ಕಡೆ ನೋಡಿದರು. ಕೆಳಗೆ ರಸ್ತೆ ತುಂಬ ಜನ. "ನಮ್ಮೂರಲ್ಲಿ ನಾನು ಎಲ್ಲಿ ನಿಂತ್ರೂ ಇವಳು ಇಂಥೋರ ಮಗಳು ಅಂತ ನಾಯಿಗೂ ಗೊತ್ತು. ಇಲ್ಲಿ ಕಳ್ದೋದ್ರೆ ಯಾರ ಮನೆಯೋಳು ಅಂತ ಹೇಳ್ಕೊಳ್ಳಲಿ?"

ನಗಬೇಕೆಂದಿದ್ದೆ. ಆಗಲಿಲ್ಲ. ಏಕೆಂದರೆ ಅದೇ ಮಾತನ್ನು ಹನ್ನೊಂದು ವರ್ಷದ ಹಿಂದೆ ನಾನು ನನಗೇ ಹೇಳಿಕೊಂಡಿದ್ದೆ. ಹೊಲಿಗೆ ಯಂತ್ರವೊಂದನ್ನು ಹೊತ್ತು ಗಂಡನ ಹಿಂದೆ ಬೆಂಗಳೂರಿಗೆ ಬಂದವಳು, ಅವನು ಕೆಲಸಕ್ಕೆ ಹೋದ ಮೇಲೆ ಮೂರು ದಿನ ಆ ಮಹಡಿ ಕೋಣೆಯಿಂದ ಹೊರಗೆ ಕಾಲಿಟ್ಟಿರಲಿಲ್ಲ. ದಾರಿ ತಪ್ಪಿದರೆ ಯಾರ ಹೆಸರು ಹೇಳುವುದು? ನಾಲ್ಕನೆಯ ದಿನ ಓನರಮ್ಮ ಮೇಲೆ ಬಂದರು. "ಬಾ, ತರಕಾರಿ ತರಾಣ" ಎಂದು ನನ್ನ ಮುಂಗೈ ಹಿಡಿದು ನಡೆಸಿಕೊಂಡು ಹೋದರು. ಸೊಪ್ಪಿನವಳ ಮುಂದೆ, ಹಾಲಿನ ಅಂಗಡಿಯ ಮುಂದೆ, ಹಿಟ್ಟಿನ ಗಿರಣಿಯ ಮುಂದೆ ನಿಲ್ಲಿಸಿ ಒಂದೇ ಮಾತು ಹೇಳಿದರು: "ಇವಳು ನಮ್ಮನೆಯೋಳು. ನೋಡ್ಕೊಳ್ಳಿ." ಆಮೇಲೆ ಆ ಊರಿನಲ್ಲಿ ನಾನು ಕಳೆದುಹೋಗಲು ಆಗಲೇ ಇಲ್ಲ.

ನಾನು ಆಂಟಿಯ ತೊಡೆಯ ಮೇಲಿನ ಚೀಲ ತೆಗೆದು ನನ್ನ ಹೆಗಲಿಗೆ ಹಾಕಿಕೊಂಡೆ. ಅವರ ಮುಂಗೈ ಹಿಡಿದೆ. "ಬರ್ರಿ, ಚಾ ಕುಡ್ಯೂಣು" ಎಂದೆ. ಲಾಡ್ಜಿನ ಕೆಳಗೇ ಚಹಾದ ಗಾಡಿ. ಚಹಾ ಸೋಸುತ್ತಿದ್ದ ಮುದುಕಪ್ಪನಿಗೆ ನಾನು ಹಿಂದಿಯಲ್ಲಿ ಏನೋ ಹೇಳಿದೆ. ಆತ ಆಂಟಿಯ ಮುಖವನ್ನು ಚೆನ್ನಾಗಿ ನೋಡಿಕೊಂಡು, ಕೈ ಮುಗಿದು, ತನ್ನ ಸ್ಟೂಲನ್ನು ಅವರಿಗೆ ಬಿಟ್ಟುಕೊಟ್ಟ.

"ಏನಂದೆ ಅವನಿಗೆ?"

"ಇವ್ರು ನಮ್ಮ ಮನಿಯವ್ರು, ನೋಡ್ಕೊಳ್ರಿ ಅಂದೆ."

ಆಂಟಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆಮೇಲೆ ಒಂದು ಗುಟುಕು ಕುಡಿದು, "ಶುಂಠಿ ಜಾಸ್ತಿ ಆಯ್ತು ಅಂತ್ಲೂ ಹೇಳು" ಎಂದರು. ಲೋಟ ಖಾಲಿ ಮಾಡಿ ಎದ್ದು ನಿಂತು ಸೆರಗು ಸಿಕ್ಕಿಸಿಕೊಂಡರು.

"ಸಮುದ್ರ ಯಾವ ಕಡೆ ಅಮ್ಮಣ್ಣಿ?"