142857ರ ಸಹವಾಸ

ಹೊಸಪೇಟೆಯ ಕಾಲೇಜಿನಲ್ಲಿ ಗಣಿತ ಕಲಿಸುವ ನನಗೆ 142857 ಎಂಬ ಸಂಖ್ಯೆಯ ಮೇಲೆ ವಿಪರೀತ ಪ್ರೀತಿ. ಅದರ ವಿಷಯ ಬಾಯಿಬಿಟ್ಟಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ.

1. ಬೆಂಚು

ಬೋರ್ಡಿನ ಮೇಲೆ ಅದನ್ನು ಬರೆದು ಎರಡರಿಂದ ಗುಣಿಸಿದೆ: 285714. ಮೂರರಿಂದ: 428571. "ನೋಡ್ರಿ, ಅವೇ ಆರು ಅಂಕಿ, ಅದೇ ಸಾಲು. ಶುರುವಾಗೋ ಜಾಗ ಮಾತ್ರ ಬೇರೆ. ಆರರಿಂದ ಗುಣಿಸೋವರೆಗೂ ಹಿಂಗ. ಎಂಥ ಚಂದ" ಎಂದೆ.

ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸರ್, ನಾವು ಆರು ಮಂದಿನೂ ದಿನಾ ಜಾಗ ಬದಲಿಸಿ ಕುಂದರ್ತೀವ್ರಿ. ನಮಗ ಬೈತೀರಿ, ಅದನ್ನ ಹೊಗಳ್ತೀರಿ."

2. ಚೀಲ

ಕಂಪ್ಲಿಯಲ್ಲಿ ನನ್ನ ಮಾವನವರ ರೈಸ್‌ಮಿಲ್ ಇದೆ. ಅವರಿಗೂ ಹೇಳಿದೆ. ಕ್ಯಾಲ್ಕುಲೇಟರಿನಲ್ಲಿ ತಾವೇ ಒತ್ತಿ ನೋಡಿದರು.

"ಐದು ಪಟ್ಟು ಮಾಡಿದ್ರೂ ಹೊಸಾ ಅಂಕಿ ಒಂದೂ ಬರಂಗಿಲ್ಲೇನ್ರಿ?"

"ಇಲ್ರಿ ಮಾವ."

"ಹಳೇ ಅಕ್ಕೀನ ಹೊಸಾ ಚೀಲಕ್ಕ ಹಾಕಿದಂಗಾತು." ಆಚೀಚೆ ನೋಡಿ ದನಿ ತಗ್ಗಿಸಿದರು. "ಇದನ್ನ ಗಿರಾಕಿಗಳ ಮುಂದ ಹೇಳಬ್ಯಾಡ್ರಿ."

3. ಹಟ

ನಮ್ಮ ಪಕ್ಕದ ಮನೆಯವರು ಅದೃಷ್ಟದ ಅಂಕಿ ನಂಬುವವರು. 142857ರ ಅಂಕಿಗಳನ್ನು ಕೂಡಿಸಿದರು: ಇಪ್ಪತ್ತೇಳು. ಎರಡು, ಏಳು ಕೂಡಿಸಿದರೆ ಒಂಬತ್ತು.

"ನನಗ ಎಂಟು ಬೇಕಲ್ರಿ" ಎಂದು ಎಂಟರಿಂದ ಗುಣಿಸಿದರು. 1142856 ಬಂತು. ಕೂಡಿಸಿದರೆ ಮತ್ತೆ ಇಪ್ಪತ್ತೇಳು, ಮತ್ತೆ ಒಂಬತ್ತು. ಹದಿಮೂರರಿಂದ ಗುಣಿಸಿದರು. ಒಂಬತ್ತೇ. ಬೆವರು ಒರೆಸಿಕೊಂಡು ಎದ್ದರು.

"ಇದು ಭಾಳ ಹಟಮಾರಿ ನಂಬರ್ ಐತ್ರಿ. ಮನ್ಯಾಗ ಇಟ್ಕೋಬ್ಯಾಡ್ರಿ."

4. ಕರಡಿ

ಹುಟ್ಟಿದಾಗಿನಿಂದ ಕಂಪ್ಲಿಯಲ್ಲಿದ್ದರೂ ಮಾವ ದರೋಜಿಯ ಕರಡಿ ಕಂಡವರಲ್ಲ. ಫೋಟೊ ತರುತ್ತೇನೆಂದು ಮಿಲ್ಲಿನಲ್ಲಿ ಎಲ್ಲರಿಗೂ ಹೇಳಿ ಬಂದಿದ್ದರು. ಅವರು, ನನ್ನ ಹೆಂಡತಿ, ನಾನು ಸಂಜೆ ಕರಡಿಧಾಮದ ವೀಕ್ಷಣಾ ಗೋಪುರದಲ್ಲಿ ಕಾದೆವು. ಎದುರಿನ ಬಂಡೆಗೆ ಒಂದು ಕರಡಿ ಬಂತು, ಬೆನ್ನ ಮೇಲೆ ಮರಿ.

"ಜಲ್ದಿ ತಗೀರಿ" ಎಂದು ಮಾವ ಪಿಸುಗುಟ್ಟಿದರು.

ಫೋನಿದ್ದದ್ದು ನನ್ನ ಬಳಿ ಮಾತ್ರ. ಕ್ಯಾಮೆರಾಕ್ಕೂ ಸೇರಿಸಿ ಲಾಕ್ ಹಾಕಿದ್ದೆ. ಕಳ್ಳರಿಗೆ ತಿಳಿಯಬಾರದೆಂದು ತಿಂಗಳಿಗೊಮ್ಮೆ 142857ನ್ನು ಬೇರೆ ಅಂಕಿಯಿಂದ ಗುಣಿಸಿ ಲಾಕ್ ನಂಬರ್ ಬದಲಿಸುವುದು ನನ್ನ ರೂಢಿ. ಈ ಸಲ ಎಷ್ಟರಿಂದ ಗುಣಿಸಿದ್ದೆನೋ ಮರೆತಿತ್ತು. ಎರಡರಿಂದ ಗುಣಿಸಿ ಒತ್ತಿದೆ, ತೆರೆಯಲಿಲ್ಲ. ಮೂರು, ನಾಲ್ಕು, ಐದು, ಆರು. ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ ಎಂದಿತು ಫೋನು. ಕರಡಿ ಆರಾಮಾಗಿ ಕೂತು, ಮರಿಯ ಮೈ ನೆಕ್ಕಿ, ಎದ್ದು ಹೋಯಿತು.

ಆಗ ನೆನಪಾಯಿತು. ಏಳರಿಂದ ಗುಣಿಸಿದ್ದೆ. ಏಳಕ್ಕೆ ಬಂದರೆ ಅಂಕಿಗಳ ಸುತ್ತಾಟ ನಿಂತು ಆರೂ ಕಡೆ ಒಂಬತ್ತೇ ಬರುತ್ತದೆ: 999999.

"ಬರೇ ಒಂಬತ್ತು ಒತ್ತಾಕ ಇಷ್ಟೊತ್ತೇನ್ರಿ?" ಎಂದಳು ಹೆಂಡತಿ.

ಖಾಲಿ ಬಂಡೆಯ ಫೋಟೊ ತೆಗೆದುಕೊಟ್ಟೆ. ಮಾವ ಅದನ್ನೇ ದೊಡ್ಡದು ಮಾಡಿಸಿ ಮಿಲ್ಲಿನ ಗೋಡೆಗೆ ಹಾಕಿದ್ದಾರೆ. ಬಂದವರೆಲ್ಲ ಕೇಳುತ್ತಾರೆ, ಮಾವ ಗಂಭೀರವಾಗಿ ವಿವರಿಸುತ್ತಾರೆ:

"ಕರಡಿ ಇಲ್ಲೇ ಕುಂತಿತ್ತು ನೋಡ್ರಿ. ಅಳಿಯಂದ್ರು ಗಣಿತದ ಮಾಸ್ತರ್ರು. ಏಳರ ಮಗ್ಗಿ ನೆನಪಾಗಲಿಲ್ಲ."